ವರ್ನಾ ಬೆಳಕಿಗೆ ಹಿಡಿಯದ ಹೂದಾನಿ

ವರ್ನಾ ಪೆಟ್ರಾಕ್ ತರಕಾರಿ ಅಂಗಡಿಗೆ ಹೋದರೆ ಟೊಮೆಟೊವನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ಹಾರ್ಪ್‌ಸ್ಟರ್ ಗಾಜಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಗಾಜಿನ ದೋಷ ಹುಡುಕಿ ಆರಿಸುವ ಮೇಜಿನ ಮುಂದೆ ನಿಂತವಳ ಚಾಳಿ ಅದು. ಕಾರ್ಖಾನೆ ಮುಚ್ಚಿ ಮೂವತ್ತಮೂರು ವರ್ಷವಾಯಿತು. ಅದು ಇದ್ದ ಜಾಗದಲ್ಲಿ ಈಗ ಟೈರ್ ಅಂಗಡಿ ಇದೆ, ಆಚೆಗೆ ನದಿ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ಮಾತು ಕಲಿತ ಗುಣಕ್ಕೂ ಅಷ್ಟೇ ಸಲ್ಲುತ್ತದೆ.

ನಾನು ಅದೇ ಕಾರ್ಖಾನೆಯಲ್ಲಿ ಅಚ್ಚು ಕೆತ್ತುತ್ತಿದ್ದವನು. ಹೆಸರು ಡೆಲ್ಬರ್ಟ್, ಊರಿಗೆಲ್ಲ ಡೆಲ್. ನಾವು ಕಬ್ಬಿಣ ಕೆತ್ತಿ ಅಚ್ಚು ಕೊಡಬೇಕು, ಕುಲುಮೆಯವರು ಅದರಲ್ಲಿ ಗಾಜು ಊದಬೇಕು, ಊದಿದ್ದು ಉದ್ದನೆಯ ಒಲೆಯಲ್ಲಿ ತೆವಳುತ್ತಾ ಬಿಸಿ ಇಳಿಸಿಕೊಂಡು ಬರಬೇಕು. ಇಷ್ಟೆಲ್ಲ ಆಗಿ ಕೊನೆಗೆ ಆರಿಸುವ ಮೇಜಿನ ಹೆಂಗಸರ ಕೈಗೆ ಸಿಕ್ಕರೆ, ಸಾಸಿವೆಯಷ್ಟು ಗುಳ್ಳೆ ಕಂಡರೂ ಒಡೆದ ಗಾಜಿನ ಚೂರು ತುಂಬುವ ಪೀಪಾಯಿಗೆ ಎಸೆದುಬಿಡುತ್ತಿದ್ದರು. ನನ್ನ ಅರ್ಧ ಆಯುಸ್ಸು ಆ ಪೀಪಾಯಿಗೆ ಹೋಗಿದೆ ಎಂದು ಈಗಲೂ ವರ್ನಾಳನ್ನು ಚುಚ್ಚುತ್ತೇನೆ. "ಇನ್ನರ್ಧವೂ ಹೋಗಬೇಕಿತ್ತು, ನನ್ನ ಕಣ್ಣು ತಪ್ಪಿ ಉಳೀತು," ಎನ್ನುತ್ತಾಳೆ ಅವಳು.

ಒಂದೊಂದು ಮೇಜಿಗೆ ಇಬ್ಬಿಬ್ಬರು ಹೆಂಗಸರು. ವರ್ನಾಳ ಜೊತೆಗಾತಿ ಆರ್ಡಿತ್ ಯೋಹೊ. ಆ ಮೇಜುಗಳಿಗೆ ಒಂದು ಕಟ್ಟಳೆ ಇತ್ತು, ಯಾರೂ ಬರೆದಿಟ್ಟದ್ದಲ್ಲ. ಒಬ್ಬಳು ನೋಡಿ 'ಪಾಸು' ಎಂದು ಪಕ್ಕಕ್ಕಿಟ್ಟ ಗಾಜನ್ನು ಇನ್ನೊಬ್ಬಳು ಮತ್ತೆ ಬೆಳಕಿಗೆ ಹಿಡಿಯುವಂತಿಲ್ಲ. ಹಿಡಿದರೆ 'ನಿನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲ' ಎಂದು ಮುಖಕ್ಕೆ ಹೇಳಿದ ಹಾಗೆ. ಹಾಗೆ ಒಂದು ಸಕ್ಕರೆ ಬಟ್ಟಲನ್ನು ಮತ್ತೆ ಎತ್ತಿ ನೋಡಿದ್ದಕ್ಕೆ ಇಬ್ಬರು ಅಕ್ಕತಂಗಿಯರು ಆರು ವರ್ಷ ಮಾತು ಬಿಟ್ಟಿದ್ದು ನನಗೆ ಗೊತ್ತು. ವರ್ನಾ ಮತ್ತು ಆರ್ಡಿತ್ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಒಬ್ಬರು ಪಾಸು ಮಾಡಿದ್ದನ್ನು ಇನ್ನೊಬ್ಬರು ಎತ್ತಲಿಲ್ಲ.

ಈಗ ವರ್ನಾಗೆ ಎಪ್ಪತ್ತೆರಡು. ಹಳೆಯ ಗಾಜನ್ನು ಆನ್‌ಲೈನ್ ಹರಾಜಿನಲ್ಲಿ ಮಾರುತ್ತಾಳೆ. ನಮ್ಮೂರಲ್ಲಿ ಈ ಕೆಲಸ ಮಾಡುವವರು ಹತ್ತಾರು ಮಂದಿ ಇದ್ದಾರೆ. ಯಾರಾದರೂ ಸತ್ತು ಅವರ ಮನೆ ಸಾಮಾನು ಮಾರಾಟಕ್ಕೆ ಬಂತೆಂದರೆ ಬೆಳಗ್ಗೆ ಏಳಕ್ಕೇ ಥರ್ಮಾಸು ಹಿಡಿದು ಸಾಲು ನಿಲ್ಲುವವರು ನಾವೇ. ಆದರೆ ವರ್ನಾಳ ಗಾಜಿಗೆ ಒಂದು ಹಿಡಿ ಹೆಚ್ಚು ಬೆಲೆ. ಕಾರಣ ಅವಳು ಪ್ರತಿ ಸಾಮಾನಿನ ವಿವರದ ಕೆಳಗೆ ಬರೆಯುವ ಒಂದು ಸಾಲು: 'ತೊಳೆದಿದ್ದೇನೆ, ಒಣಗಿಸಿದ್ದೇನೆ, ಬೆಳಕಿಗೆ ಹಿಡಿದು ನೋಡಿದ್ದೇನೆ.' ಹದಿನಾಲ್ಕು ವರ್ಷದಲ್ಲಿ ನಾಲ್ಕು ಸಾವಿರ ಮಾರಾಟ, ಒಬ್ಬರೂ ತಕರಾರು ಬರೆದಿಲ್ಲ. ಬೇರೆಯವರು ಚರ್ಚಿನಲ್ಲಿ ಮೊಮ್ಮಕ್ಕಳ ಫೋಟೊ ತೋರಿಸುತ್ತಾರೆ, ಇವಳು ಕೊಂಡವರು ಅಭಿಪ್ರಾಯ ಬರೆಯುವ ಆ ಪುಟ ತೋರಿಸುತ್ತಾಳೆ.

ಆ ಸಾಲಿನಲ್ಲಿ ಒಣಗಿಸುವುದೇ ಮುಖ್ಯ. ವರ್ಷಗಟ್ಟಲೆ ನೀರು ನಿಂತ ಹೂದಾನಿಗೆ ಒಳಗಿನಿಂದ ಮಂಜು ಹತ್ತುತ್ತದೆ. ನಾವು ಅದನ್ನು ಕಾಯಿಲೆ ಗಾಜು ಎನ್ನುತ್ತೇವೆ. ಅದು ಕೊಳೆಯಲ್ಲ, ಗಾಜೇ ಸವೆದಿರುವುದು, ತೊಳೆದರೆ ಹೋಗುವುದಿಲ್ಲ. ಒದ್ದೆಯಾಗಿದ್ದಾಗ ಮಾತ್ರ ಮಾಯವಾಗುತ್ತದೆ, ಒಣಗಿದರೆ ಮತ್ತೆ ಬಿಳಿಚಿಕೊಳ್ಳುತ್ತದೆ. ಇದನ್ನೇ ಹಿಡಿದುಕೊಂಡು ಕೆಲವು ಕಂತ್ರಿಗಳು ಒಳಗೆ ತೆಳ್ಳಗೆ ಎಣ್ಣೆ ಸವರಿ ಮಾರುತ್ತಾರೆ. ಎಣ್ಣೆ ಬೇಗ ಆರುವುದಿಲ್ಲ. ಕೊಂಡವರು ಸೋಪು ಹಾಕಿ ತೊಳೆದ ದಿನ ಬಣ್ಣ ಬಯಲಾಗುತ್ತದೆ. ನಮ್ಮಲ್ಲಿ ಎಣ್ಣೆ ಸವರುವವನಿಗೆ ಯಾರೂ ಕುರ್ಚಿ ಸರಿಸಿ ಕೂರು ಎನ್ನುವುದಿಲ್ಲ.

ಫೆಬ್ರವರಿ ಕೊನೆಯ ವಾರ, ಮಂಜುಗಡ್ಡೆ ಇನ್ನೂ ಮೆಟ್ಟಿಲ ಮೇಲಿತ್ತು. ನಾನು ವರ್ನಾಳ ಅಡುಗೆಮನೆಯಲ್ಲಿ ಕೂತು ರಟ್ಟಿನ ಪೆಟ್ಟಿಗೆ ಮಡಿಸುತ್ತಿದ್ದಾಗ ಆರ್ಡಿತ್ ಬಂದಳು. ಮಗಳು ಕಾರಿನಲ್ಲಿ ಬಿಟ್ಟುಹೋಗಿದ್ದಳು. ಎದೆಗೆ ಅವುಚಿಕೊಂಡ ಟವೆಲಿನೊಳಗೆ ಒಂದು ಹೂದಾನಿ. ತಿಳಿನೀಲಿ, ಹದಿಮೂರು ಅಂಗುಲ ಎತ್ತರ, ಬಾಯಿ ಟುಲಿಪ್ ಹೂವಿನ ಹಾಗೆ ಅರಳಿದ್ದು. ಹಾರ್ಪ್‌ಸ್ಟರಿನಲ್ಲಿ ಆ ನೀಲಿಯನ್ನು ಮಾಡಿದ್ದು 1938ರಲ್ಲಿ ಮಾತ್ರ, ಆಮೇಲೆ ಆ ಬಣ್ಣ ಕೂಡಿಬರಲಿಲ್ಲ. ಆರ್ಡಿತ್‌ಳ ತಾಯಿಯೂ ಅಲ್ಲೇ ಕೆಲಸಕ್ಕಿದ್ದವಳು.

"ಇದನ್ನ ಈ ವಾರಾನೇ ಹರಾಜಿಗೆ ಹಾಕು," ಎಂದಳು ಆರ್ಡಿತ್, ಕುರ್ಚಿಯ ಬೆನ್ನು ತಡವಿಕೊಂಡು ಕೂರುತ್ತಾ. "ಏಪ್ರಿಲ್‌ಗೆ ಮಗಳ ಜೊತೆ ಅರಿಜೋನಾದ ಟಕ್ಸನ್‌ಗೆ ಹೊರಟೆ. ಅಲ್ಲಿ ಮೊಮ್ಮಕ್ಕಳು ಮನೆಯೊಳಗೇ ಚೆಂಡಾಡ್ತಾರೆ. ಒಂದು ವಾರ ಬಾಳಲ್ಲ ಇದು."

"ನಿಮ್ಮಮ್ಮಂದು ಕಣೇ ಇದು. ಮಾರೋಕೆ ಮನಸ್ಸು ಬರುತ್ತಾ?"

"ಅಮ್ಮನ್ನೇ ಮಣ್ಣು ಮಾಡಿ ಬಂದಿದೀನಿ, ಇದ್ಯಾವ ಲೆಕ್ಕ."

"ಇಷ್ಟು ದಿನ ಹೋಗಲ್ಲ ಅಂತಿದ್ದೆ. ಈಗೇನು ಅರಿಜೋನಾ ಅರಿಜೋನಾ ಅಂತ."

"ಮೊಣಕಾಲು ಕಣೇ. ಮೆಟ್ಟಿಲು ಹತ್ತೋಕಾಗಲ್ಲ."

ವರ್ನಾ ಹೂದಾನಿ ಎತ್ತಿಕೊಂಡು ಸಿಂಕಿನ ಕಡೆ ಎರಡು ಹೆಜ್ಜೆ ಇಟ್ಟಳು. ಅಲ್ಲಿ ಅವಳ ಪ್ಲಾಸ್ಟಿಕ್ ಟಬ್ಬು, ತಳಕ್ಕೆ ಹಾಸಿದ ಟವೆಲು, ಉಗುರುಬೆಚ್ಚಗಿನ ನೀರು ಸದಾ ಸಿದ್ಧವಿರುತ್ತದೆ.

"ಎಲ್ಲಿಗೆ ಹೊರಟೆ?" ಎಂದಳು ಆರ್ಡಿತ್.

"ತೊಳೀಬೇಡ್ವಾ?"

"ನಾನು ಪಾಸು ಮಾಡಿ ತಂದಿದೀನಿ."

ವರ್ನಾ ಅಲ್ಲೇ ನಿಂತಳು. ನಾನು ಪೆಟ್ಟಿಗೆ ಮಡಿಸುವುದನ್ನು ಬಿಟ್ಟು ನೋಡಿದೆ. ಒಂದು ಕ್ಷಣ ಅಷ್ಟೇ. ಅವಳು ತಿರುಗಿ ಬಂದು ಹೂದಾನಿಯನ್ನು ಮೇಜಿನ ಮೇಲಿಟ್ಟಳು. "ಸರಿ ಬಿಡು," ಎಂದಳು.

ಹೂದಾನಿಯನ್ನು ಹಾಗೆಯೇ ಕಪ್ಪು ಮಖಮಲ್ಲಿನ ಮೇಲಿಟ್ಟು ಫೋಟೊ ತೆಗೆದಳು. ಬೆರಳ ಗುರುತು ಬೀಳಬಾರದೆಂದು ಹತ್ತಿಯ ಕೈಗವಸು ಹಾಕಿಕೊಂಡಿದ್ದಳು. ತಳದಲ್ಲಿನ ಕಾರ್ಖಾನೆಯ ಗುರುತು ತೋರಿಸಲು ಬೋರಲು ಹಾಕಿ ಇನ್ನೊಂದು ಫೋಟೊ. ವಿವರ ಬರೆದಳು. ಕೊನೆಯಲ್ಲಿ ಬೆರಳುಗಳು ತಾವಾಗಿಯೇ ಆ ಸಾಲನ್ನೂ ಒತ್ತಿದವು: ತೊಳೆದಿದ್ದೇನೆ, ಒಣಗಿಸಿದ್ದೇನೆ, ಬೆಳಕಿಗೆ ಹಿಡಿದು ನೋಡಿದ್ದೇನೆ. ನಾನು ಪಕ್ಕದಲ್ಲೇ ಇದ್ದೆ. ನನಗೂ ಅದು ಸುಳ್ಳು ಎಂದು ಹೊಳೆಯಲಿಲ್ಲ.

ಭಾನುವಾರ ಸಂಜೆ ಏಳಕ್ಕೆ ಹರಾಜು ಮುಗಿಯುವುದು ವರ್ನಾಳ ಲೆಕ್ಕ. ಜನ ಊಟ ಮುಗಿಸಿ, ಸೋಮವಾರದ ಚಿಂತೆ ಶುರುವಾಗುವ ಮೊದಲು ಕೈ ಧಾರಾಳವಾಗಿರುತ್ತದಂತೆ. ಏಳಕ್ಕೆ ಹತ್ತು ಸೆಕೆಂಡ್ ಇರುವಾಗ ಇನ್ನೂರ ಎಂಬತ್ತರಲ್ಲಿದ್ದದ್ದು ಏಳಕ್ಕೆ ಆರುನೂರ ಎಂಬತ್ತೈದು ಡಾಲರ್ ಆಗಿತ್ತು. ಕೊಂಡವರು ಮಿನಸೋಟಾದ ನೈಗಾರ್ಡ್ ಎಂಬುವರು. ಸೋಮವಾರ ವರ್ನಾ ಹೂದಾನಿಯ ಹೊಟ್ಟೆಗೆ ಕಾಗದ ತುರುಕಿ, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ಅಂಟಿಸಿದಳು. ನಾನೇ ಅಂಚೆಗೆ ಕೊಟ್ಟುಬಂದೆ.

ಮಂಗಳವಾರ ಬೆಳಗ್ಗೆ ಫೋನು ಬಂತು. "ಡೆಲ್, ಈಗಲೇ ಬಾ." ಅಷ್ಟೇ ಹೇಳಿ ಇಟ್ಟಳು. ಬಿದ್ದಿದ್ದಾಳೇನೋ ಎಂದು ನಾನು ಚಪ್ಪಲಿಯಲ್ಲೇ ಹಿಮದ ಮೇಲೆ ಓಡಿದೆ.

ಅವಳು ಮಖಮಲ್ಲಿನ ಮುಂದೆ ನಿಂತಿದ್ದಳು. ಬಟ್ಟೆಯ ನಡುವೆ ಒಂದು ಉಂಗುರ, ಹೊಳೆಯುವ ಕಲೆ, ಟುಲಿಪ್ ಬಾಯಿಯ ಅಳತೆಯದು. ಹೂದಾನಿ ಬೋರಲು ಬಿದ್ದಿದ್ದಾಗ ಒಳಗಿನಿಂದ ಇಳಿದದ್ದು. ಮೂಸಿದೆ. ಮಗುವಿನ ಮೈಗೆ ಹಚ್ಚುವ ಎಣ್ಣೆಯ ವಾಸನೆ.

"ಎಣ್ಣೆ," ಎಂದೆ.

"ನನಗೂ ಮೂಗಿದೆ ಕಣೋ," ಎಂದಳು ವರ್ನಾ.

ನನಗೆ ಮೈಯೆಲ್ಲ ಉರಿಯಿತು. ಆರ್ಡಿತ್ ಹೀಗೆ ಮಾಡುವುದೆಂದರೆ. ಊರಿನ ಯಾವನಾದರೂ ಮಾಡಿದ್ದರೆ ಉಗಿದು ಸುಮ್ಮನಾಗಬಹುದಿತ್ತು. ಇವಳಿಗೆ ವರ್ನಾಳ ಹೆಸರಿನ ಬೆಲೆ ಗೊತ್ತು, ಆ ಕಟ್ಟಳೆಯೂ ಗೊತ್ತು, 'ಪಾಸು ಮಾಡಿದೀನಿ' ಎಂದರೆ ವರ್ನಾ ತೊಳೆಯುವುದಿಲ್ಲವೆಂದೂ ಗೊತ್ತು. ಗೊತ್ತಿದ್ದೇ ಆ ಮಾತು ಆಡಿದ್ದಾಳೆ. "ಬೆನ್ನಿಗೆ ಚೂರಿ ಹಾಕಿದ್ಲು," ಎಂದೆ. "ಊರು ಬಿಟ್ಟು ಹೋಗೋಳಿಗೆ ಏನಂತೆ. ನಾಲ್ಕು ಸಾವಿರ ಜನರ ಮುಂದೆ ಮುಖ ಇಟ್ಟುಕೊಂಡಿರಬೇಕಾದೋಳು ನೀನು."

"ಬಾಯಿ ಮುಚ್ಚು. ಇನ್ನೂ ಏನೂ ಗೊತ್ತಿಲ್ಲ."

"ಕಾಯಿಲೆ ಇಲ್ಲದ ಗಾಜಿಗೆ ಯಾರು ಎಣ್ಣೆ ಹಚ್ತಾರೆ ಹೇಳು ನೋಡೋಣ."

ಅವಳು ಮಖಮಲ್ಲನ್ನು ಮಡಿಸಿ ಪಕ್ಕಕ್ಕಿಟ್ಟಳು.

ಅದೇ ಮಧ್ಯಾಹ್ನ ನೈಗಾರ್ಡ್ ಅವರಿಂದ ಸಂದೇಶ ಬಂತು. ವರ್ನಾ ಕನ್ನಡಕ ಏರಿಸಿ ಓದಿದಳು. 'ಅಮ್ಮನವರೆ, ಪೆಟ್ಟಿಗೆ ಗುರುವಾರ ಬರುತ್ತದೆಂದು ತೋರಿಸುತ್ತಿದೆ. ನಿಮಗೆ ಒಂದು ವಿಷಯ ಹೇಳಬೇಕು. ನಮ್ಮ ತಾಯಿಯ ಹತ್ತಿರ ಇದೇ ನೀಲಿಯ, ಇದೇ ಹೂದಾನಿ ಇತ್ತು. ಎಂಟು ವರ್ಷದವನಿದ್ದಾಗ ನಾನು ಅದನ್ನು ಒಡೆದೆ. ನನ್ನ ಅಕ್ಕ ಇಂಗಾ ತಾನೇ ಒಡೆದದ್ದು ಎಂದು ಹೇಳಿ ಏಟು ತಿಂದಳು. ಈ ಶನಿವಾರ ಅವಳಿಗೆ ತೊಂಬತ್ತು ತುಂಬುತ್ತದೆ. ಹನ್ನೊಂದು ವರ್ಷದಿಂದ ಹುಡುಕುತ್ತಿದ್ದೆ. ಬೇರೆಯವರದ್ದಾಗಿದ್ದರೆ ಅಷ್ಟು ಕೊಡಲು ಹೆದರುತ್ತಿದ್ದೆ. ನೀವು ಬೆಳಕಿಗೆ ಹಿಡಿದು ನೋಡಿದ್ದೇನೆ ಎಂದು ಬರೆದಿದ್ದೀರಿ.'

ವರ್ನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಅದನ್ನೇ ಹುಡುಕಲು ಶುರುಮಾಡಿದಳು.

ನಾನು ಕೊಟ್ಟ ಸಲಹೆಯನ್ನು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. "ಸುಮ್ಮನಿದ್ದುಬಿಡು," ಎಂದೆ. "ಹುಟ್ಟುಹಬ್ಬಕ್ಕೆ ನೀರು ತುಂಬಿ ಹೂ ಇಡ್ತಾರೆ. ಒದ್ದೆ ಇರೋವರೆಗೆ ಮಂಜು ಕಾಣಲ್ಲ. ಶನಿವಾರ ಚೆನ್ನಾಗೇ ಕಳಿಯುತ್ತೆ. ಆಮೇಲೆ ಕಂಡರೆ ತಮ್ಮ ನೀರಿಂದಲೇ ಆಯ್ತು ಅಂದ್ಕೋತಾರೆ."

ಅವಳು ನನ್ನನ್ನು ಎಷ್ಟು ಹೊತ್ತು ನೋಡಿದಳೆಂದರೆ ನಾನೇ ಕಣ್ಣು ತಿರುಗಿಸಿದೆ. "ನಿನ್ನ ಅಚ್ಚಿನ ಗಾಜನ್ನ ನಾನು ಸುಮ್ಮನೆ ಪೀಪಾಯಿಗೆ ಎಸೀಲಿಲ್ಲ," ಎಂದಳು.

ಆದರೆ ಬರೆಯಲೂ ಇಲ್ಲ. ಬರೆದರೆ ಎಣ್ಣೆ ಹಚ್ಚಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ತಾನಲ್ಲ ಎಂದರೆ ಆರ್ಡಿತ್‌ಳನ್ನು ಅಪರಿಚಿತನೊಬ್ಬನ ಮುಂದೆ ಕಳ್ಳಿ ಮಾಡಿದಂತೆ. ತಾನೇ ಎಂದರೆ ಹದಿನಾಲ್ಕು ವರ್ಷದ ಹೆಸರು ಮಣ್ಣುಪಾಲು. ಇವೆರಡರ ನಡುವೆ ಅವಳು ಮಂಗಳವಾರವೆಲ್ಲ ಒದ್ದಾಡಿದಳು. ಪೆಟ್ಟಿಗೆ ಇಂಡಿಯಾನಾ ದಾಟಿತು ಎಂದು ಫೋನು ತೋರಿಸಿದಾಗ ಬೆಚ್ಚಿಬಿದ್ದಳು. ಮೊದಲು ಆರ್ಡಿತ್‌ಳನ್ನೇ ಕೇಳಿಬಿಡುತ್ತೇನೆ, ನೇರವಾಗಿ ಕೇಳುತ್ತೇನೆ ಎಂದು ಬುಧವಾರ ಬೆಳಗ್ಗೆ ನನ್ನ ಕಾರು ಹತ್ತಿದಳು.

ಆರ್ಡಿತ್‌ಳ ಮನೆಯಲ್ಲಿ ಎಲ್ಲ ಕಡೆ ಪೆಟ್ಟಿಗೆಗಳು. ಅವಳು ಊಟದ ಮೇಜಿನ ಮುಂದೆ ಕೂತು ಉದ್ದ ಕಾಲಿನ ಗಾಜಿನ ಲೋಟಗಳನ್ನು ಪತ್ರಿಕೆಯಲ್ಲಿ ಸುತ್ತುತ್ತಿದ್ದಳು.

"ಬಂದ್ಯಾ? ಯಾರದು ಜೊತೇಲಿ, ಡೆಲ್ಲಾ? ಅವನ ಹೆಜ್ಜೆ ಸದ್ದು ಕೇಳಿದ್ರೇ ಗೊತ್ತಾಗುತ್ತೆ, ಎಮ್ಮೆ ಬಂದ ಹಾಗೆ," ಎಂದಳು. ನನಗೆ ನಗು ಬರಲಿಲ್ಲ.

ಕಾಫಿ ಕೊಟ್ಟಳು. ಸುರಿಯುವಾಗ ತೋರುಬೆರಳನ್ನು ಬಟ್ಟಲಿನೊಳಗೆ ಇಳಿಬಿಟ್ಟುಕೊಂಡು, ಬೆರಳಿಗೆ ಬಿಸಿ ತಾಗಿದ ಕೂಡಲೇ ನಿಲ್ಲಿಸಿದಳು. ವಯಸ್ಸಾದ ಮೇಲೆ ಶುಚಿಯೂ ಹೋಯಿತು ಎಂದುಕೊಂಡು ನಾನು ಆ ಕಾಫಿ ಮುಟ್ಟಲಿಲ್ಲ. ಸಿಟ್ಟಿನಲ್ಲಿದ್ದವನಿಗೆ ಎಲ್ಲವೂ ಸಿಟ್ಟಿಗೇ ಸಾಕ್ಷಿಯಾಗಿ ಕಾಣುತ್ತದೆ.

"ಹೂದಾನಿ ಒಳ್ಳೆ ಬೆಲೆಗೆ ಹೋಯ್ತಂತಲ್ಲ," ಎಂದಳು ಆರ್ಡಿತ್. ಸ್ವಲ್ಪ ತಡೆದು, "ಕೊಂಡೋರು ಏನಾದ್ರೂ ಹೇಳಿದ್ರಾ?"

ಆ ಪ್ರಶ್ನೆಯಲ್ಲಿ ಕಳ್ಳತನ ಇತ್ತು. ವರ್ನಾಗೂ ಅದು ಕೇಳಿಸಿರಬೇಕು. ನಾನು ಅವಳ ಮುಖ ನೋಡಿದೆ, ಈಗ ಕೇಳುತ್ತಾಳೆ ಎಂದು.

"ಇನ್ನೂ ತಲುಪಿಲ್ಲ," ಎಂದಳು ವರ್ನಾ. "ಪತ್ರಿಕೆ ಸಾಕಾಗುತ್ತಾ ನಿಂಗೆ? ನಮ್ಮನೇಲಿ ಒಂದು ರಾಶಿ ಇದೆ, ಕಳಿಸ್ತೀನಿ."

ಅಲ್ಲಿಗೆ ಮುಗಿಯಿತು. ವಾಪಸು ಬರುವಾಗ ಕಾರಿನಲ್ಲಿ ನಾನು ಬಾಯಿಗೆ ಬಂದಂತೆ ಅಂದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಸೇತುವೆ ದಾಟಿದ ಮೇಲೆ ಹೇಳಿದಳು, "ಹತ್ತೊಂಬತ್ತು ವರ್ಷ ಡೆಲ್. ಅವಳು ಪಾಸು ಅಂದದ್ದನ್ನ ಎತ್ತಿ ನೋಡು ಅಂತ ನನ್ನ ಕೈಗೆ ಹೇಳಿದ್ರೂ ಕೈ ಏಳಲ್ಲ. ಅವಳದೇನೇ ಇರಲಿ, ನೋಡಿದೀನಿ ಅಂತ ಬರೆದೋಳು ನಾನು. ಸುಳ್ಳು ನಂದು."

ಆ ಸಂಜೆ ಬರೆದಳು. ಎರಡು ಬೆರಳಲ್ಲಿ ಒತ್ತುತ್ತಾ, ಅಳಿಸುತ್ತಾ, ಒಂದು ಗಂಟೆ ಹಿಡಿಯಿತು. 'ನೈಗಾರ್ಡ್ ಅವರೆ, ನಿಮ್ಮ ಹೂದಾನಿಯನ್ನು ನಾನು ತೊಳೆಯಲಿಲ್ಲ, ಬೆಳಕಿಗೂ ಹಿಡಿಯಲಿಲ್ಲ. ಹಿಡಿದಿದ್ದೇನೆ ಎಂದು ಬರೆದದ್ದು ಸುಳ್ಳು. ಒಳಗೆ ಎಣ್ಣೆ ಇದೆ. ತೊಳೆದು ಒಣಗಿದ ಮೇಲೆ ಮಂಜು ಕಂಡರೆ ಅದು ಹೋಗುವುದಿಲ್ಲ. ಶನಿವಾರ ನೀರು ತುಂಬಿ ಇಟ್ಟರೆ ಕಾಣುವುದಿಲ್ಲ, ನಿಮ್ಮ ಅಕ್ಕನ ದಿನ ಹಾಳಾಗಬಾರದು. ಹೂದಾನಿ ನಿಮ್ಮಲ್ಲೇ ಇರಲಿ, ಹಣವನ್ನು ಪೂರ್ತಿ ವಾಪಸು ಮಾಡುತ್ತೇನೆ. ನನ್ನ ಬಗ್ಗೆ ಏನು ಬರೆಯಬೇಕೋ ಬರೆಯಿರಿ. ತಪ್ಪು ನನ್ನದೇ.' ಆರ್ಡಿತ್‌ಳ ಹೆಸರು ಎಲ್ಲೂ ಇರಲಿಲ್ಲ. ಕಳಿಸುವ ಗುಂಡಿ ಒತ್ತುವಾಗ ಕಣ್ಣು ಮುಚ್ಚಿಕೊಂಡಳು.

ಉತ್ತರ ಬರಲಿಲ್ಲ.

ಗುರುವಾರ ಚರ್ಚಿನ ಕೆಳಮನೆಯಲ್ಲಿ ಶುಕ್ರವಾರದ ಊಟಕ್ಕೆ ಪಿರೋಗಿ ಕಡುಬು ಮಾಡುವ ದಿನ. ಉಪವಾಸದ ತಿಂಗಳಲ್ಲಿ ಪ್ರತಿ ವಾರ ನಲವತ್ತು ಡಜನ್. ಆಲೂಗೆಡ್ಡೆ ತುಂಬಿ ಹಿಟ್ಟಿನ ಅಂಚು ಒತ್ತುವುದರಲ್ಲಿ ವರ್ನಾಳ ಕೈ ಎತ್ತಿದ ಕೈ. ಆ ದಿನ ಅವಳು ಒತ್ತಿದವೆಲ್ಲ ಕುದಿಯುವ ನೀರಿನಲ್ಲಿ ಬಾಯಿ ಬಿಟ್ಟವು. ಹನ್ನೊಂದೂ ಮುಕ್ಕಾಲಿಗೆ ಏಪ್ರನ್ನಿನ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಪೆಟ್ಟಿಗೆ ತಲುಪಿತು ಎಂಬ ಸುದ್ದಿ, ಅಷ್ಟೇ. ಅವಳು ಹಿಟ್ಟಿನ ಕೈಯಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಡುಗೆ ನೋಡಿಕೊಳ್ಳುವ ಹೆಂಗಸು, "ನಿಂಗೆ ಹುಷಾರಿಲ್ಲ, ಮನೆಗೆ ಹೋಗು," ಎಂದು ಗದರಿದಳು.

ಶುಕ್ರವಾರವೂ ಉತ್ತರವಿಲ್ಲ. ವರ್ನಾ ತನ್ನ ಹೆಸರಿನ ಪುಟವನ್ನು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಬೈಗುಳ ಬಂದಿದ್ದರೂ ವಾಸಿಯಿತ್ತು. ನಾನು ತಂದಿಟ್ಟ ಮೀನು ತಟ್ಟೆಯಲ್ಲೇ ತಣ್ಣಗಾಯಿತು. "ತೊಳೆದಿರ್ತಾರೆ," ಎಂದಳು ಒಂದು ಸಲ. "ಈಗ ಒಣಗ್ತಾ ಇರುತ್ತೆ." ಇನ್ನೊಂದು ಸಲ, "ಆ ಮುದುಕಿ ಮುಂದೆ ಇಡೋಕೂ ಮನಸ್ಸಾಗಿರಲ್ಲ ಪಾಪ ಅವರಿಗೆ." ಆರ್ಡಿತ್ ಎರಡು ಸಲ ಫೋನು ಮಾಡಿದಳು. ವರ್ನಾ ಎತ್ತಲಿಲ್ಲ. ಅವರ ಸ್ನೇಹದಲ್ಲಿ ಹಾಗಾದದ್ದು ಅದೇ ಮೊದಲು. ಎತ್ತಿದರೆ ಏನು ಹೇಳಿಬಿಡುತ್ತೇನೋ ಎಂದು ಅವಳಿಗೆ ಭಯ.

ಶನಿವಾರ ಸಂಜೆ ನಾಲ್ಕಕ್ಕೆ ಉತ್ತರ ಬಂತು. ಓದು ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತಳು.

'ಅಮ್ಮನವರೆ, ಈ ಯಂತ್ರವನ್ನು ನಾನು ವಾರಕ್ಕೆ ಎರಡು ಸಲ ಮಾತ್ರ ನೋಡುವವನು, ಕ್ಷಮಿಸಿ. ನಿಮ್ಮ ಪತ್ರ ಓದುವ ಮೊದಲೇ ಗುರುವಾರ ಹೂದಾನಿಯನ್ನು ಸೋಪು ಹಾಕಿ ಎರಡು ಸಲ ತೊಳೆದು ಕಿಟಕಿಯಲ್ಲಿಟ್ಟಿದ್ದೆ. ಎರಡು ದಿನ ಬಿಸಿಲಿನಲ್ಲಿತ್ತು. ನಿಮ್ಮ ಪತ್ರ ನೋಡಿದ ಮೇಲೆ ಭೂತಗನ್ನಡಿ ಹಿಡಿದು ಹುಡುಕಿದೆ. ಮಂಜು ಎಲ್ಲೂ ಇಲ್ಲ, ಒಂದು ಚುಕ್ಕೆಯೂ ಇಲ್ಲ. ನೀವು ಯಾತಕ್ಕೆ ಹೆದರಿದಿರೋ ತಿಳಿಯದು. ಹಣ ಬೇಡ. ಇಂಗಾ ಅದನ್ನು ನೋಡಿ, ಕೊನೆಗೂ ತಂದುಕೊಟ್ಟೆಯಾ ಕತ್ತೆ, ಎಂದಳು.' ಕೆಳಗೆ ಒಂದು ಫೋಟೊ. ಕಿಟಕಿಯ ಬೆಳಕಿನಲ್ಲಿ ಒಣ ಹೂದಾನಿ, ಆಚೆಗಿನ ಬೇಲಿಯ ತಂತಿ ಕೂಡ ಗಾಜಿನ ಮೂಲಕ ಎಣಿಸುವಷ್ಟು ಸ್ಪಷ್ಟ.

ನಾನು ಜೋರಾಗಿ ನಕ್ಕೆ. ಐದು ದಿನದ ಭಾರ ಇಳಿದ ನಗು ಅದು. "ನೋಡಿದ್ಯಾ, ಸುಮ್ಮನೆ ಪ್ರಾಣ ತಿಂದೆ," ಎಂದೆ. "ಹೊಳೀಲಿ ಅಂತ ಹಚ್ಚಿರ್ತಾಳೆ ಅಷ್ಟೇ."

ವರ್ನಾ ನಗಲಿಲ್ಲ. ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. "ಆರಿಸೋ ಮೇಜಿನೋಳು ಹೊಳೀಲಿ ಅಂತ ಎಣ್ಣೆ ಹಚ್ಚಲ್ಲ ಡೆಲ್," ಎಂದಳು. "ಮಂಜು ಕಂಡ್ರೆ ಮಾತ್ರ ಹಚ್ತಾಳೆ." ಸ್ವಲ್ಪ ಹೊತ್ತಿನ ಮೇಲೆ, "ಮೊನ್ನೆ ಅವಳು ಬೆರಳು ಅದ್ದಿ ಕಾಫಿ ಯಾಕೆ ಸುರಿದ್ಲು?" ಎಂದು ಕೇಳಿದಳು. ನನ್ನ ನಗು ಅಲ್ಲಿಗೆ ನಿಂತಿತು.

ಭಾನುವಾರ ಪೂಜೆ ಮುಗಿಸಿ ನೇರವಾಗಿ ಅಲ್ಲಿಗೇ ಹೋದೆವು. ಆರ್ಡಿತ್ ಅದೇ ಮೇಜಿನ ಮುಂದೆ, ಅದೇ ಲೋಟಗಳ ನಡುವೆ ಕೂತಿದ್ದಳು. ವರ್ನಾಳ ದನಿ ಕೇಳಿದ ಕೂಡಲೇ ಕೈಯಲ್ಲಿದ್ದ ಪತ್ರಿಕೆ ಕೆಳಗಿಟ್ಟಳು.

"ಫೋನು ಎತ್ತಲಿಲ್ಲ ನೀನು," ಎಂದಳು. "ಗೊತ್ತಾಯ್ತು ಅಂತ ಆಗಲೇ ಅಂದ್ಕೊಂಡೆ. ಕೂರು. ಬೈದುಬಿಡು, ನಾನೇನೂ ಅನ್ನಲ್ಲ."

"ಏನಂತ ಬಯ್ಯಲಿ?"

"ಎಣ್ಣೆ ಹಚ್ಚಿದ್ದೆ ಕಣೇ." ಆರ್ಡಿತ್ ತಲೆ ಎತ್ತಲಿಲ್ಲ. "ತೆಗೆದು ನೋಡ್ತೀನಿ, ಒಳಗೆಲ್ಲ ಬೆಳ್ಳಗೆ ಮಂಜು. ಅಮ್ಮನ ಹೂದಾನಿ. ನೀನು ನೋಡಿದ್ರೆ ಪೀಪಾಯಿ ಅಂತೀಯ. ಹೊರಡೋಕೆ ಮುಂಚೆ ನಿನ್ನ ಬಾಯಲ್ಲಿ ಆ ಮಾತು ಕೇಳೋಕೆ ಆಗಲಿಲ್ಲ. ಪಾಸು ಅಂದೆ. ಹತ್ತೊಂಬತ್ತು ವರ್ಷ ಉಳಿಸಿಕೊಂಡಿದ್ದನ್ನ ಒಂದು ಮಾತಲ್ಲಿ ಕಳಕೊಂಡೆ. ಆ ಮನುಷ್ಯ ಏನಂದ?"

ವರ್ನಾ ಕೈಚೀಲವನ್ನು ಮಡಿಲಲ್ಲಿ ತಿರುಗಿಸುತ್ತಿದ್ದಳು. ಅವಳಿಗೆ ಎರಡೇ ದಾರಿ ಇದ್ದದ್ದು. ಗೆಳತಿಯನ್ನು ಕಳ್ಳಿಯಾಗಿಯೇ ಬಿಡಬೇಕು, ಇಲ್ಲವೇ ನಿನ್ನ ಕಣ್ಣು ಹೋಗಿದೆ ಎನ್ನಬೇಕು. ಮೂರನೆಯದೊಂದನ್ನು ಅಲ್ಲೇ ಹುಡುಕಿಕೊಂಡಳು.

"ತೊಳೆದ್ರಂತೆ. ಮಂಜು ಹೋಯ್ತಂತೆ," ಎಂದಳು.

ಆರ್ಡಿತ್ ಕೆಳಗಿಟ್ಟ ಪತ್ರಿಕೆಯ ಮಡಿಕೆಗಳನ್ನು ಅಂಗೈಯಲ್ಲಿ ಸವರಿ ನೇರ ಮಾಡಿದಳು.

"ಅದು ತೊಳೆದ್ರೆ ಹೋಗೋ ಮಂಜಲ್ಲ ವರ್ನಾ," ಎಂದಳು ಕೊನೆಗೆ. "ನಿಂಗೂ ಗೊತ್ತು, ನಂಗೂ ಗೊತ್ತು." ಆಮೇಲೆ ಕೈಯನ್ನು ಮುಖದ ಮುಂದೆ ಹಿಡಿದು, ಬೆರಳುಗಳನ್ನು ಅಗಲಿಸಿ ನೋಡಿಕೊಂಡಳು. "ಹಾಗಾದ್ರೆ ಅದು ಗಾಜಿನಲ್ಲಿರಲಿಲ್ಲ."

"ಎಷ್ಟು ದಿನದಿಂದ?"

"ಓದೋಕಾಗದೆ ಒಂದು ವರ್ಷ ಆಯ್ತು. ಡಾಕ್ಟರು ನೋಟದ ನಡುಭಾಗ ಮಾತ್ರ ಹೋಗುತ್ತೆ, ಅಂಚು ಉಳಿಯುತ್ತೆ ಅಂದ್ರು. ಗಾಜು ಮಾತ್ರ ಇನ್ನೂ ಸರಿಯಾಗೇ ಕಾಣ್ತಿದೆ ಅಂದ್ಕೊಂಡಿದ್ದೆ. ಮೊಣಕಾಲು ಅಂದೆ ಎಲ್ಲರಿಗೂ. ಮೊಣಕಾಲು ಹೋದ್ರೆ ನಾಚಿಕೆ ಇಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚೂರಿ ಹಾಕಿದಳು ಎಂದಿದ್ದೆ. ಅವಳ ಬೆರಳು ತಾಗಿದ ಕಾಫಿಯನ್ನು ಮುಟ್ಟದೆ ಎದ್ದು ಬಂದಿದ್ದೆ. ಎದ್ದು ಹೋಗಿ ನಾನೇ ಮೂರು ಬಟ್ಟಲಿಗೆ ಕಾಫಿ ಬಗ್ಗಿಸಿಕೊಂಡು ಬಂದೆ. ಇಬ್ಬರೂ ನನ್ನ ಕಡೆ ಗಮನ ಕೊಡಲಿಲ್ಲ.

ಆರ್ಡಿತ್ ಸುತ್ತಿಟ್ಟ ಲೋಟಗಳಲ್ಲಿ ಒಂದನ್ನು ಬಿಚ್ಚಿ ವರ್ನಾಳ ಮುಂದೆ ಚಾಚಿದಳು. "ಇವೆಲ್ಲ ನಾನು ಪಾಸು ಮಾಡಿದ್ದು," ಎಂದಳು. "ಎತ್ತಿ ನೋಡು."

ವರ್ನಾ ಅಲುಗಲಿಲ್ಲ.

"ನಾನೇ ಹೇಳ್ತಿದೀನಲ್ಲ. ಬೆಳಕಿಗೆ ಹಿಡಿ."

ವರ್ನಾ ಲೋಟವನ್ನು ಕಿಟಕಿಗೆ ಹಿಡಿದಳು. "ಪಾಸು," ಎಂದಳು. ಆರ್ಡಿತ್ ಇನ್ನೊಂದು ಕೊಟ್ಟಳು. "ಪಾಸು." ಮೂರನೆಯದು, ನಾಲ್ಕನೆಯದು. ಐದನೆಯದರ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಮುಕ್ಕು. ಮೇಜಿನ ಆ ಬದಿಯಲ್ಲಿದ್ದ ನನಗೇ ಕಂಡಿತು. ವರ್ನಾ ಅದನ್ನು ಬೆಳಕಿನಲ್ಲಿ ಒಂದು ಸುತ್ತು ತಿರುಗಿಸಿದಳು. ಜೀವಮಾನದಲ್ಲಿ ಒಂದು ಮುಕ್ಕನ್ನು ಬಿಟ್ಟವಳಲ್ಲ.

"ಪಾಸು," ಎಂದಳು.

ಆರ್ಡಿತ್ ಕೈ ಚಾಚಿ ಲೋಟವನ್ನು ವಾಪಸು ತೆಗೆದುಕೊಂಡಳು. ತೋರುಬೆರಳನ್ನು ಅಂಚಿನ ಸುತ್ತ ನಿಧಾನವಾಗಿ ಓಡಿಸಿದಳು. ಮುಕ್ಕಿನ ಹತ್ತಿರ ಬೆರಳು ನಿಂತಿತು.

"ಕಣ್ಣು ಹೋಗಿರೋದು ನಂದು ಕಣೇ, ನಿಂದಲ್ಲ," ಎಂದಳು. "ಪೀಪಾಯಿಗೆ ಹಾಕು."

ವರ್ನಾ ಎದ್ದು ಲೋಟವನ್ನು ಕಸದ ಬುಟ್ಟಿಗೆ ಹಾಕಿದಳು. ವಾಪಸು ಬಂದು ಕಣ್ಣು ಒರೆಸಿಕೊಂಡು, ಆರನೆಯದಕ್ಕೆ ಕೈ ಚಾಚಿದಳು.